ತುಂಬಿದ ಎಣ್ಣೆಯ ಪಾತ್ರೆ



ಗರ್ಭಿಣಿಯರು ದೂರವಿಡಬೇಕಾದ ವಸ್ತುಗಳನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ನಿಲಯದವರು ಕೇಳಿದಾಗ ನಾನು ಮೊದಲು ಹಿಂದೆಗೆದೆ. ನಾನು ವೈದ್ಯನಲ್ಲ, ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿಕೊಂಡಿರುವವನು. ಹಳಗನ್ನಡದ ಪದ್ಯವೊಂದಕ್ಕೆ ಅನ್ವಯ ಹೇಳೆಂದರೆ ಹೇಳಿಯೇನು. ಬಸುರು ಬಾಣಂತನದ ಮಾತನ್ನು ಹೆಂಗಸರೋ ವೈದ್ಯರೋ ಆಡಿದರೆ ಚೆನ್ನ ಎನ್ನಿಸಿತು. ಆಮೇಲೆ ಯೋಚಿಸಿ ನೋಡಿದೆ. ಈ ವಿಷಯವನ್ನು ಗಂಡಸರೂ ಆಡಬೇಕು. ಅದರಲ್ಲಿಯೂ ಒಮ್ಮೆ ತಪ್ಪು ಮಾಡಿದವನು ಆಡಬೇಕು ಎಂದು ತೋರಿತು. ಆ ತಪ್ಪು ಯಾವುದೆಂಬುದನ್ನು ಮುಂದೆ ಹೇಳುತ್ತೇನೆ.

ಚರಕ ಸಂಹಿತೆಯ ಶಾರೀರಸ್ಥಾನದಲ್ಲಿ ಒಂದು ಉಪಮೆ ಇದೆ. ಗರ್ಭಿಣಿಯೆಂದರೆ ಅಂಚಿನವರೆಗೆ ಎಣ್ಣೆ ತುಂಬಿದ ಪಾತ್ರೆಯಿದ್ದಂತೆ; ಅಲುಗಾಡಿಸದೆ, ತುಳುಕಿಸದೆ ಉಪಚರಿಸಬೇಕು ಎಂಬುದು ಅದರ ಭಾವ. ಬಹಳ ಮಂದಿ ಈ ಉಪಮೆಯನ್ನು ಬಲ್ಲರು. ಸೀಮಂತದ ಮನೆಗಳಲ್ಲಿ ನಾನೇ ಎಷ್ಟೋ ಸಲ ಹೇಳಿದ್ದುಂಟು. ಆದರೆ ಅದರಲ್ಲಿರುವ ಒಂದು ಸೂಕ್ಷ್ಮವನ್ನು ನಾನು ಗಮನಿಸಿದುದು ತಡವಾಗಿ. ಗರ್ಭಿಣಿ ಹೀಗಿರಬೇಕು, ಹಾಗಿರಬೇಕು ಎಂದು ಅಲ್ಲಿ ಹೇಳಿಲ್ಲ. ಆಕೆಯನ್ನು ಉಪಚರಿಸುವ ರೀತಿಯನ್ನು ಹೇಳಿದೆ. ಅಂದರೆ ಆ ವಿಧಿ ಪಾತ್ರೆಗಲ್ಲ, ಪಾತ್ರೆಯ ಸುತ್ತ ಓಡಾಡುವವರಿಗೆ. ನಾವು ಮಾತ್ರ ಅದನ್ನು ತಿರುಗುಮುರುಗು ಮಾಡಿಕೊಂಡು, “ಅದು ತಿನ್ನಬೇಡ, ಇದು ಮುಟ್ಟಬೇಡ, ಅಲ್ಲಿ ಹೋಗಬೇಡ” ಎಂದು ಬಸುರಿಗೇ ನೂರು ಕಟ್ಟಳೆ ವಿಧಿಸಿ, ನಮ್ಮ ಪಾಡಿಗೆ ನಾವು ನಿಶ್ಚಿಂತರಾಗಿರುತ್ತೇವೆ. ಇಂದು ನಾನು ಹೇಳಬೇಕೆಂದಿರುವುದೆಲ್ಲ ಈ ಒಂದು ಮಾತಿನ ವಿಸ್ತರಣೆ.

ಮೊದಲು ಗರ್ಭದೊಳಗಿನ ವ್ಯವಸ್ಥೆಯನ್ನು ತುಸು ತಿಳಿಯೋಣ. ತಾಯಿಗೂ ಮಗುವಿಗೂ ನಡುವೆ ಮಾಸು ಇದೆ. ತಾಯಿಯ ರಕ್ತ ನೇರವಾಗಿ ಮಗುವಿನ ಮೈಗೆ ಹರಿಯುವುದಿಲ್ಲ. ಅನ್ನದ ಸಾರವೂ ಪ್ರಾಣವಾಯುವೂ ಮಾಸಿನ ತೆಳ್ಳನೆಯ ಪೊರೆಯ ಮೂಲಕ ಸೋಸಿ ಹೋಗುತ್ತವೆ. ಈ ಮಾಸು ಕೋಟೆಯ ಗೋಡೆಯಂತೆ, ಕೆಟ್ಟದ್ದನ್ನೆಲ್ಲ ತಡೆದು ಒಳ್ಳೆಯದನ್ನು ಮಾತ್ರ ಒಳಗೆ ಬಿಡುತ್ತದೆ ಎಂದು ಒಂದು ಕಾಲದಲ್ಲಿ ವೈದ್ಯರೇ ಬಹುಮಟ್ಟಿಗೆ ನಂಬಿದ್ದರು. ಆ ನಂಬಿಕೆ ಮುರಿದು ಬಿದ್ದುದು ದೊಡ್ಡ ದುಃಖದ ಮೂಲಕ.

1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ಮಾತ್ರೆ ಮಾರಾಟಕ್ಕೆ ಬಂದಿತು. ನಿದ್ರೆ ಬರಿಸುವ ಮಾತ್ರೆ. ವೈದ್ಯರ ಚೀಟಿಯಿಲ್ಲದೆಯೇ ಸಿಕ್ಕುತ್ತಿತ್ತು. ಬಸುರಿನ ಮೊದಲ ತಿಂಗಳುಗಳ ವಾಕರಿಕೆಗೂ ಒಳ್ಳೆಯದೆಂದು ಹೇಳಿ ಕೊಟ್ಟರು. ಹಲವು ದೇಶಗಳಿಗೆ ಅದು ಹರಡಿತು. ಕೆಲವು ಕಾಲದಲ್ಲಿಯೇ ತೋಳುಗಳಿಲ್ಲದ, ಕಾಲುಗಳಿಲ್ಲದ ಹಸುಳೆಗಳು ಒಂದರ ಹಿಂದೆ ಒಂದು ಹುಟ್ಟತೊಡಗಿದವು. ಹ್ಯಾಂಬರ್ಗಿನ ಮಕ್ಕಳ ವೈದ್ಯ ವಿಡುಕಿಂಡ್ ಲೆಂಜ್, ಆಸ್ಟ್ರೇಲಿಯದ ವಿಲಿಯಂ ಮೆಕ್‌ಬ್ರೈಡ್ ಇವರಿಬ್ಬರೂ ಬೇರೆ ಬೇರೆಯಾಗಿ 1961ರಲ್ಲಿ ಈ ಮಾತ್ರೆಯ ಕಡೆಗೆ ಬೊಟ್ಟುಮಾಡಿದರು. ಆ ವರ್ಷದ ನವೆಂಬರಿನಲ್ಲಿ ಜರ್ಮನಿಯಲ್ಲಿ ಮಾರಾಟ ನಿಂತಿತು. ಅಷ್ಟರಲ್ಲಿ ಲೋಕದಲ್ಲಿ ಸುಮಾರು ಹತ್ತು ಸಾವಿರ ಮಕ್ಕಳಿಗೆ ಹಾನಿಯಾಗಿ ಹೋಗಿತ್ತು. ಅಮೆರಿಕದಲ್ಲಿ ಮಾತ್ರ ಫ್ರಾನ್ಸೆಸ್ ಕೆಲ್ಸಿ ಎಂಬ ವೈದ್ಯೆ, ಸರಕಾರದ ಔಷಧ ಇಲಾಖೆಯಲ್ಲಿ ಕೆಲಸಕ್ಕೆ ಹೊಸದಾಗಿ ಬಂದವರು, ಸಾಕಷ್ಟು ಆಧಾರ ತೋರಿಸುವವರೆಗೆ ಒಪ್ಪಿಗೆ ಕೊಡಲಾರೆನೆಂದು ಕೂತುಬಿಟ್ಟರು. ಒಬ್ಬಾಕೆಯ ಹಟ ಎಷ್ಟೋ ಮನೆಗಳನ್ನು ಉಳಿಸಿತು.

ಇಲ್ಲಿ ಇನ್ನೊಂದು ವಿಷಯವಿದೆ. ಆ ತಾಯಂದಿರು ದುಶ್ಚಟಕ್ಕೆ ಬಿದ್ದವರಲ್ಲ. ಹೊಟ್ಟೆ ತೊಳಸುತ್ತಿದೆಯೆಂದು, ರಾತ್ರಿ ನಿದ್ರೆಯಿಲ್ಲವೆಂದು, ಮನೆಯಲ್ಲಿದ್ದ ಒಂದು ಮಾತ್ರೆ ನುಂಗಿದವರು. ಮಗುವಿನ ಹೃದಯ, ಮಿದುಳು, ಕೈಕಾಲುಗಳು ಮೂಡುವುದು ಗರ್ಭ ನಿಂತ ಮೂರನೆಯ ವಾರದಿಂದ ಎಂಟನೆಯ ವಾರದೊಳಗೆ. ಬಹುಮಂದಿಗೆ ತಾವು ಬಸುರಿಯೆಂದು ಖಚಿತವಾಗುವಷ್ಟರಲ್ಲಿ ಆ ಕೆಲಸದ ಒಂದು ಪಾಲು ಮುಗಿದೇ ಇರುತ್ತದೆ. ಆದುದರಿಂದ ಎಚ್ಚರವು ಐದನೆಯ ತಿಂಗಳ ಬಳೆಗಳೊಡನೆ ಬರಬಾರದು. ಮಗು ಬೇಕೆಂದು ದಂಪತಿಗಳು ಮನಸ್ಸು ಮಾಡಿದಂದೇ ಬರಬೇಕು. ಬೆನ್ನುಹುರಿಯ ದೋಷ ಬಾರದಂತೆ ಕಾಯುವ ಫೋಲಿಕ್ ಆಮ್ಲದ ಮಾತ್ರೆಯನ್ನು ಬಸುರಿಗೆ ಮುನ್ನವೇ ಆರಂಭಿಸಿ ಎಂದು ವೈದ್ಯರು ಹೇಳುವುದು ಇದೇ ಕಾರಣಕ್ಕೆ.

ನಮ್ಮ ಮನೆಗಳಲ್ಲಿ ಒಂದು ತಗಡಿನ ಡಬ್ಬಿಯೋ ಪ್ಲಾಸ್ಟಿಕ್ಕಿನ ಡಬ್ಬಿಯೋ ಇರುತ್ತದೆ. ಅಜ್ಜನ ಮಂಡಿನೋವಿನ ಮಾತ್ರೆ, ಹೋದ ವರ್ಷದ ಜ್ವರಕ್ಕೆ ತಂದು ಉಳಿದದ್ದು, ಹೆಸರು ಅಳಿಸಿಹೋದದ್ದು, ಎಲ್ಲವೂ ಅದರಲ್ಲಿ. ಸೊಸೆಗೆ ತಲೆನೋವು ಬಂದರೆ ಅತ್ತೆಯ ಕೈ ಪ್ರೀತಿಯಿಂದಲೇ ಆ ಡಬ್ಬಿಗೆ ಹೋಗುತ್ತದೆ. ಅದನ್ನು ತಡೆಯಿರಿ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂತಹ ನೋವಿನ ಮಾತ್ರೆಗಳು ಬಸುರಿನ ಉತ್ತರಾರ್ಧದಲ್ಲಿ ಮಗುವಿನ ಮೂತ್ರಪಿಂಡಕ್ಕೂ ಹೃದಯದ ಬಳಿಯ ರಕ್ತನಾಳಕ್ಕೂ ತೊಂದರೆ ಮಾಡಬಲ್ಲವು. ಟೆಟ್ರಾಸೈಕ್ಲಿನ್ ಎಂಬ ಔಷಧಿ ಮಗುವಿಗೆ ಮುಂದೆ ಬರುವ ಹಲ್ಲಿಗೆ ಕಲೆ ಕಟ್ಟಿಸುತ್ತದೆ. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಗರ್ಭದ ಶಿಶುವಿಗೆ ಮಹಾ ವೈರಿ. ನಾಟಿ ಔಷಧಿಯಲ್ಲವೆ, ಏನೂ ಮಾಡದು ಎಂಬ ಮಾತೂ ಸಲ್ಲದು. ಕೆಲವು ಭಸ್ಮಗಳಲ್ಲಿ ಸೀಸವೂ ಪಾದರಸವೂ ಇರುವುದು ಪರೀಕ್ಷೆಯಿಂದ ತಿಳಿದಿದೆ. ಆದರೆ ಈ ಮಾತಿಗೆ ಇನ್ನೊಂದು ಮಗ್ಗುಲೂ ಉಂಟು. ಮೂರ್ಛೆರೋಗ, ಥೈರಾಯ್ಡ್, ಉಬ್ಬಸ, ಸಕ್ಕರೆ ಕಾಯಿಲೆ ಇದ್ದು ಔಷಧಿ ತೆಗೆದುಕೊಳ್ಳುತ್ತಿರುವ ಹೆಂಗಸು, ಬಸುರಾದೆನೆಂಬ ಭಯದಿಂದ ತಾನೇ ಅದನ್ನು ನಿಲ್ಲಿಸಬಾರದು. ರೋಗ ಕೆರಳಿದರೆ ತಾಯಿಗೂ ಮಗುವಿಗೂ ಅಪಾಯ. ಬದಲಾಯಿಸಬೇಕಾದರೆ ವೈದ್ಯರು ಬದಲಾಯಿಸುತ್ತಾರೆ. ಕ್ಷಕಿರಣದ ಚಿತ್ರ ತೆಗೆಸುವಾಗಲೂ ಅಷ್ಟೆ. ತಾನು ಬಸುರಿ, ಇಲ್ಲವೆ ಮುಟ್ಟು ನಿಂತಿದೆ ಎಂಬುದನ್ನು ಮೊದಲೇ ಹೇಳಿಬಿಡಬೇಕು.

ಈಗ ನನ್ನ ತಪ್ಪಿನ ಮಾತಿಗೆ ಬರುತ್ತೇನೆ.

2018ರ ಮಳೆಗಾಲ. ಚೊಚ್ಚಲ ಹೆರಿಗೆಗೆಂದು ನನ್ನ ಮಗಳು ಆರು ತಿಂಗಳಾದಾಗಲೇ ಮನೆಗೆ ಬಂದಿದ್ದಳು. ಅಳಿಯನಿಗೆ ದೂರದ ಊರಿನಲ್ಲಿ ಕೆಲಸ. ನನಗೆ ಆಗ ಸಿಗರೇಟಿನ ಅಭ್ಯಾಸವಿತ್ತು. ಹುಡುಗರ ಎದುರಿಗೆ ಸೇದುತ್ತಿರಲಿಲ್ಲ; ಮನೆಗೆ ಬಂದಮೇಲೆ ಜಗಲಿಯ ಮೇಲೆ ಕುಳಿತು ಉತ್ತರಪತ್ರಿಕೆ ತಿದ್ದುತ್ತ ನಾಲ್ಕೈದು ಆಗುತ್ತಿತ್ತು. ಜಗಲಿಗೆ ಹೊಂದಿಕೊಂಡೇ ಮಗಳ ಕೋಣೆಯ ಕಿಟಕಿ. ನಾನು ಕುಳಿತ ಸ್ವಲ್ಪ ಹೊತ್ತಿಗೆ ಅವಳು ಎದ್ದು ಬಂದು ಕಿಟಕಿ ಮುಚ್ಚುತ್ತಿದ್ದಳು. ಸೊಳ್ಳೆಗೆಂದು ನಾನು ತಿಳಿದಿದ್ದೆ.

ಒಂದು ದಿನ ನಮ್ಮ ಬೀದಿಯ ಆಶಾ ಕಾರ್ಯಕರ್ತೆ ತಾಯಿ ಕಾರ್ಡು ಹಿಡಿದುಕೊಂಡು ಬಂದರು. ಊಟ, ಮಾತ್ರೆ, ಚುಚ್ಚುಮದ್ದು ಎಲ್ಲ ವಿಚಾರಿಸಿ, “ಮೇಷ್ಟ್ರ ಮನೆ, ಕೇಳೋಕೆ ಸಂಕೋಚ. ಆದ್ರೂ ಕೇಳ್ಬೇಕು. ಮನೇಲಿ ಬೀಡಿ ಸಿಗರೇಟು ಸೇದೋರು ಯಾರಾದ್ರೂ ಇದ್ದಾರೇನಮ್ಮ?” ಎಂದರು. ಮಗಳು ತಲೆ ಬಗ್ಗಿಸಿಕೊಂಡು, “ಯಾರೂ ಇಲ್ಲ ಅಕ್ಕ” ಎಂದಳು. ನನ್ನ ಬೆಂಕಿಪೊಟ್ಟಣ ಅವಳ ಕಿಟಕಿಯ ಕಟ್ಟೆಯ ಮೇಲೆಯೇ ಇತ್ತು. ನಾನು ಅಲ್ಲಿಯೇ ಕುಳಿತಿದ್ದೆ; ಬಾಯಿ ಬಿಡಲಿಲ್ಲ.

ಆಕೆ ಹೋದಮೇಲೆ, “ಯಾಕಮ್ಮ ಹಾಗೆ ಹೇಳಿದೆ?” ಎಂದು ಕೇಳಿದೆ. “ನಿಮ್ಮ ಮರ್ಯಾದೆ ಹೋಗೋದು ಬೇಡ ಅಂತ ಅಪ್ಪ” ಎಂದಳು. ತನ್ನ ಮಗುವಿನ ಉಸಿರಿಗಿಂತ ತಂದೆಯ ಮರ್ಯಾದೆಯನ್ನು ಮೇಲಾಗಿ ಎಣಿಸುವಂತೆ ನಾವೇ ಅಲ್ಲವೆ ಹೆಣ್ಣುಮಕ್ಕಳನ್ನು ಬೆಳೆಸಿರುವುದು! ಎಣ್ಣೆಯ ಪಾತ್ರೆಯ ಉಪಮೆಯನ್ನು ಊರಿಗೆಲ್ಲ ಹೇಳುತ್ತಿದ್ದ ನಾನೇ ಪಾತ್ರೆಗೆ ಭುಜ ತಗುಲಿಸುತ್ತಿದ್ದೆ. ಅಂದಿಗೆ ಸಿಗರೇಟು ಬಿಟ್ಟೆ. ಒಂದೇ ಏಟಿಗೆ ಬಿಟ್ಟೆನೆಂದು ಹೇಳಿದರೆ ಸುಳ್ಳಾಗುತ್ತದೆ. ಎರಡು ಸಲ ಮರಳಿ ಬಿದ್ದೆ. ಆದರೆ ಮನೆಯ ಅಂಗಳದೊಳಗೆ ಆಮೇಲೆ ಕಡ್ಡಿ ಗೀರಲಿಲ್ಲ. ಮಗು ಹುಟ್ಟುವ ಹೊತ್ತಿಗೆ ಪೂರ್ತಿ ಬಿಟ್ಟಿದ್ದೆ.

ಮಗು ಹುಟ್ಟಿದಾಗ ತೂಕ ಎರಡು ಕಿಲೋ ನೂರು ಗ್ರಾಮು. ಎರಡೂವರೆ ಕಿಲೋಗೆ ಕಡಿಮೆಯಿದ್ದರೆ ಅದನ್ನು ಕಡಿಮೆ ತೂಕವೆಂದು ಲೆಕ್ಕ ಹಾಕುತ್ತಾರೆ. ಕಾರಣ ಇದೇ ಎಂದು ವೈದ್ಯರು ಹೇಳಲಿಲ್ಲ, ಒಂದು ಮಗುವನ್ನು ನೋಡಿ ಹಾಗೆ ಹೇಳಲೂ ಬರುವುದಿಲ್ಲ, ಕಾರಣಗಳು ಹಲವು. ಆದರೆ ಸೇದುವವನ ಪಕ್ಕದಲ್ಲಿದ್ದು ಹೊಗೆ ಕುಡಿಯುವ ಗರ್ಭಿಣಿಯರಿಗೆ ತೂಕ ಕಡಿಮೆಯಾದ ಮಗು ಹುಟ್ಟುವ ಸಂಭವ ಹೆಚ್ಚೆಂಬುದು ಲೋಕದಲ್ಲೆಲ್ಲ ಗೊತ್ತಾಗಿರುವ ವಿಷಯ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವು ರಕ್ತದಲ್ಲಿ ಪ್ರಾಣವಾಯುವಿನ ಜಾಗವನ್ನು ಹಿಡಿದುಕೊಳ್ಳುತ್ತದೆ. ನಿಕೋಟಿನ್ ರಕ್ತನಾಳಗಳನ್ನು ಬಿಗಿಮಾಡುತ್ತದೆ. ಮಾಸಿನ ಮೂಲಕ ಮಗುವಿಗೆ ಸೇರಬೇಕಾದುದು ಕಡಿಮೆಯಾಗುತ್ತದೆ. ನನ್ನ ಮೊಮ್ಮಗಳು ಈಗ ಶಾಲೆಗೆ ಹೋಗುತ್ತಾಳೆ, ಆರೋಗ್ಯವಾಗಿದ್ದಾಳೆ. ಆದರೂ ಆ ಮೊದಲ ವಾರ ಅವಳನ್ನು ಅಂಗೈಯಗಲದ ಬಟ್ಟೆಯಲ್ಲಿ ಸುತ್ತಿ ತಾಯಿಯ ಎದೆಗೆ ಒತ್ತಿ ಬೆಚ್ಚಗಿಟ್ಟುಕೊಂಡಿದ್ದ ದೃಶ್ಯ ನನ್ನ ಕಣ್ಣಿಂದ ಹೋಗಿಲ್ಲ.

ಹೊಗೆಸೊಪ್ಪು ಎಂದರೆ ಸಿಗರೇಟು ಬೀಡಿಗಳಷ್ಟೇ ಅಲ್ಲ. ಎಲೆಯಡಿಕೆಯೊಡನೆ ಕಡ್ಡಿಪುಡಿ ಹಾಕುವ ಅಭ್ಯಾಸ ನಮ್ಮ ಹೆಂಗಸರಲ್ಲಿಯೂ ಉಂಟು. ಹಲ್ಲುನೋವೆಂದು ಆರಂಭವಾದುದು ಅಭ್ಯಾಸವಾಗಿ ನಿಲ್ಲುತ್ತದೆ. ಅಗಿದರೂ ನಿಕೋಟಿನ್ ರಕ್ತಕ್ಕೆ ಸೇರುತ್ತದೆ. ಬಸುರಿಯಾದವಳು ಅದನ್ನು ಬಿಡಬೇಕು. ಬಿಡುವುದಕ್ಕೆ ಮನೆಯವರು ತಾವೂ ಬಿಟ್ಟು ನೆರವಾಗಬೇಕು. ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ತಜ್ಞರು 2004ರಲ್ಲಿ ಸೇರಿಸಿದ್ದಾರೆ. ಸೀಮಂತದಲ್ಲಿ ತಾಂಬೂಲ ಕೊಡೋಣ, ಶುಭವೇ; ಬಸುರಿ ಅದನ್ನು ಮೆಲ್ಲಲೇಬೇಕೆಂಬ ಒತ್ತಾಯ ಬೇಡ. ಸೌದೆಯ ಒಲೆಯಿರುವ ಮನೆಗಳಲ್ಲಿ ಒಲೆಯ ಮುಂದಿನ ಕೆಲಸವನ್ನು ಆ ಕೆಲವು ತಿಂಗಳು ಬೇರೆಯವರು ವಹಿಸಿಕೊಳ್ಳಲಿ. ಆ ಹೊಗೆಯೂ ಹೊಗೆಯೇ.

ಮದ್ಯದ ಮಾತು. ಪಟ್ಟಣಗಳಲ್ಲಿ ಈಗ ಇದನ್ನೂ ಹೇಳಬೇಕಾಗಿದೆ. ಹಳ್ಳಿಗಳಲ್ಲಿ ಕೂಲಿ ಮಾಡುವ ಕೆಲವು ಕಡೆ ಹಿಂದಿನಿಂದಲೂ ಉಂಟು. ಸದಾ ಮದ್ಯ ಸೇವಿಸುವ ಗರ್ಭಿಣಿಯ ಮಗುವಿಗೆ ನೆನಪಿನ ಶಕ್ತಿ ಕುಂದುತ್ತದೆ, ಚಿತ್ತ ನಿಲ್ಲುವುದಿಲ್ಲ ಎಂದು ಚರಕ ಸಂಹಿತೆ ಹೇಳಿದೆ. 1973ರಲ್ಲಿ ಅಮೆರಿಕದ ಸಿಯಾಟಲ್ ನಗರದ ವೈದ್ಯರು ಇದೇ ಬಗೆಯ ಮಕ್ಕಳನ್ನು ಪರೀಕ್ಷಿಸಿ ಆ ರೋಗಲಕ್ಷಣಗಳಿಗೆ ಒಂದು ಹೆಸರಿಟ್ಟರು. ಇಷ್ಟು ಕುಡಿದರೆ ಅಪಾಯವಿಲ್ಲ ಎಂಬ ಅಳತೆ ಯಾರಿಗೂ ಸಿಕ್ಕಿಲ್ಲ. ಆದುದರಿಂದ ತೊಟ್ಟೂ ಬೇಡ.

ಇನ್ನು ಬಯಕೆ. ನಮ್ಮಲ್ಲಿ ಬಸುರಿಯ ಬಯಕೆಗೆ ದೊಡ್ಡ ಗೌರವವಿದೆ. ನಾಲ್ಕನೆಯ ತಿಂಗಳಿಂದ ಆಕೆ ಎರಡು ಹೃದಯದವಳು, ಅವಳ ಆಸೆ ಮಗುವಿನ ಆಸೆಯೂ ಹೌದು ಎಂಬುದು ಸುಶ್ರುತನ ಮತ. ತುಂಬ ಸೊಗಸಾದ ಭಾವನೆ. ಆದರೆ ಆ ಸೊಗಸಿನಲ್ಲಿ ನಾನು ಇನ್ನೊಮ್ಮೆ ಎಡವಿದ್ದೇನೆ. 1993ರಲ್ಲಿ ನಮ್ಮಾಕೆ ಇದೇ ಮಗಳನ್ನು ಬಸುರಾಗಿದ್ದಾಗ ಬಳಪ ತಿನ್ನುವ ಆಸೆಯಾಯಿತು. ಸ್ಲೇಟಿನ ಮೇಲೆ ಬರೆಯುವ ಬಳಪ! ಮೇಷ್ಟರ ಮನೆಯಲ್ಲಿ ಅದಕ್ಕೆ ಬರವೆ? “ಬಯಕೆ ಕಣೋ, ತೀರಿಸದಿದ್ರೆ ಮಗು ಕಿವಿ ಸೋರುತ್ತೆ” ಎಂದರು ನನ್ನ ತಾಯಿ. ಅಂಗಡಿಯಿಂದ ಪೆಟ್ಟಿಗೆ ಪೆಟ್ಟಿಗೆಯೇ ತಂದುಕೊಟ್ಟೆ. ದಾದಿಯೊಬ್ಬರು ರೆಪ್ಪೆ ಎಳೆದು ನೋಡಿ, ರಕ್ತವೇ ಇಲ್ಲವೆಂದು ಗದರಿದಮೇಲೆ ನಮಗೆ ತಿಳಿದದ್ದು ಇದು: ಬಳಪ, ಕೆಮ್ಮಣ್ಣು, ಇದ್ದಿಲು, ಸುಣ್ಣ, ಹಸಿ ಅಕ್ಕಿ ಇವುಗಳ ಮೇಲೆ ಬಯಕೆ ಹೋಗುವುದು ಎಷ್ಟೋ ವೇಳೆ ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾಗಿರುವುದರ ಗುರುತು. ಮಣ್ಣು ತಿಂದರೆ ಜಂತುಹುಳುವಿನ ಮೊಟ್ಟೆಯೂ ಕೆಲವೊಮ್ಮೆ ಸೀಸವೂ ಹೊಟ್ಟೆಗೆ ಹೋಗುತ್ತವೆ. ನಮ್ಮ ದೇಶದಲ್ಲಿ 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗರ್ಭಿಣಿಯರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಕಂಡುಬಂದಿತು. ಬಳಪ ಕೇಳಿದ ಬಸುರಿಗೆ ಬಳಪ ಕೊಡಬೇಡಿ, ಬಯ್ಯಲೂ ಬೇಡಿ. ರಕ್ತಪರೀಕ್ಷೆಗೆ ಕರೆದುಕೊಂಡು ಹೋಗಿ. ಹಿಮೋಗ್ಲೋಬಿನ್ ಹನ್ನೊಂದು ಗ್ರಾಮಿಗಿಂತ ಕಡಿಮೆಯಿರಬಾರದು. ಸರಕಾರಿ ಆಸ್ಪತ್ರೆಗಳಲ್ಲಿ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ನಾಲ್ಕನೆಯ ತಿಂಗಳಿಂದ ದಿನಕ್ಕೊಂದರಂತೆ 180 ದಿನಗಳಿಗೆ ಕೊಡುತ್ತಾರೆ. ಕಾಫಿ, ಟೀ, ಹಾಲಿನೊಡನೆ ಅದನ್ನು ನುಂಗಿದರೆ ಪ್ರಯೋಜನ ಕಡಿಮೆ. ನಿಂಬೆಹಣ್ಣಿನ ಪಾನಕದೊಡನೆ ಒಳ್ಳೆಯದು. ಮಲ ಕಪ್ಪಾದರೆ ಗಾಬರಿಪಟ್ಟು ನಿಲ್ಲಿಸಬೇಡಿ.

ಸೀಸವೆಂದೆನಲ್ಲ, ಅದು ಇನ್ನೊಂದು ದಾರಿಯಿಂದ ಮನೆಗೆ ಬರುತ್ತದೆ. ಸೀಮಂತವೋ ನಾಮಕರಣವೋ ಬಂದರೆ ಮನೆಗೆ ಬಣ್ಣ ಹೊಡೆಸುವುದು ವಾಡಿಕೆ. ಹಳೆಯ ಬಾಗಿಲು ಕಿಟಕಿಗಳ ಎಣ್ಣೆಬಣ್ಣವನ್ನು ಕೆರೆಯುವಾಗ ಏಳುವ ಧೂಳಿನಲ್ಲಿ ಸೀಸವಿರಬಹುದು. ಮನೆಗೆ ಹೊಡೆಯುವ ಬಣ್ಣಗಳಲ್ಲಿ ಸೀಸಕ್ಕೆ ಬಿಗಿಯಾದ ಮಿತಿ ನಮ್ಮ ದೇಶದಲ್ಲಿ ಜಾರಿಗೆ ಬಂದುದು 2017ರಲ್ಲಿ. ಅದಕ್ಕೆ ಹಿಂದಿನ ಬಣ್ಣಗಳಿಗೆ ಆ ಕಟ್ಟು ಇರಲಿಲ್ಲ. ಆ ಕೆಲಸವನ್ನು ಬಾಣಂತನ ಮುಗಿದು ಮಗು ದೊಡ್ಡದಾಗುವವರೆಗೆ ಮುಂದಕ್ಕೆ ಹಾಕಿದರೆ ನಷ್ಟವಿಲ್ಲ. ಮಾಡಲೇಬೇಕಾದರೆ ಬಸುರಿ ಬೇರೆ ಮನೆಯಲ್ಲಿರಲಿ. ಕೆಲವು ಬಗೆಯ ಸುರ್ಮ, ಕಾಡಿಗೆ, ಕೆಂಪು ಸಿಂಧೂರಗಳಲ್ಲಿಯೂ ಸೀಸವಿರುವುದುಂಟು. ತೋಟಕ್ಕೆ ಹೊಡೆಯುವ ಕೀಟನಾಶಕ, ಇಲಿಪಾಷಾಣ ಇವನ್ನು ಅಡುಗೆಮನೆಯ ಹತ್ತಿರ ಇಡಬೇಡಿ. ಔಷಧಿ ಹೊಡೆದು ಬಂದವರ ಬಟ್ಟೆಯನ್ನು ಬಸುರಿಯ ಕೈಯಲ್ಲಿ ಒಗೆಸಬೇಡಿ. ಹಾಲನ್ನು ಕಾಯಿಸದೆ ಕುಡಿಸಬೇಡಿ.

ನಿಜವಾದ ಅಪಾಯಗಳು ಇಷ್ಟಿರುವಾಗ ಹುಸಿ ಅಂಜಿಕೆಗಳಿಂದ ಆಕೆಯನ್ನು ಬಳಲಿಸುವುದು ಸರಿಯಲ್ಲ. ಗ್ರಹಣದ ನೆರಳು ಗರ್ಭಕ್ಕೆ ತಾಗುವುದಿಲ್ಲ. ಸೂರ್ಯನನ್ನು ಬರಿಗಣ್ಣಿನಿಂದ ನೋಡಬಾರದೆಂಬುದು ಎಲ್ಲರಿಗೂ ಅನ್ವಯಿಸುವ ಮಾತು. ಆದರೆ ಗಂಟೆಗಟ್ಟಲೆ ನೀರೂ ಇಲ್ಲದೆ ಬಸುರಿಯನ್ನು ಕತ್ತಲೆ ಕೋಣೆಯಲ್ಲಿ ಕೂಡಿಹಾಕುವುದರಿಂದ ತೊಂದರೆಯೇ ಹೆಚ್ಚು. ಹಾಲು ಸೋರುವ ಪರಂಗಿಕಾಯಿ ಬೇಡ ಎನ್ನುವುದು ವಿವೇಕ. ಚೆನ್ನಾಗಿ ಮಾಗಿದ ಹಣ್ಣಿಗೆ ಆ ದೋಷವಿಲ್ಲ. ಕೇಸರಿ ಕುಡಿದರೆ ಮಗು ಬೆಳ್ಳಗಾಗುವುದಿಲ್ಲ. ಆ ದುಡ್ಡಿಗೆ ಮೊಟ್ಟೆ, ಬೇಳೆ, ಸೊಪ್ಪು, ಹಣ್ಣು ತನ್ನಿ. ಹೊಟ್ಟೆ ತುಂಬ ಉಂಡರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆಂದು ಅನ್ನ ಕಡಿಮೆ ಮಾಡುವ ಪದ್ಧತಿಯನ್ನಂತೂ ಬಿಟ್ಟೇಬಿಡಿ.

ಪ್ರತಿ ತಿಂಗಳ ಒಂಬತ್ತನೆಯ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಸುವ ಯೋಜನೆ 2016ರಲ್ಲಿ ಆರಂಭವಾಯಿತು, ಅದನ್ನು ಉಪಯೋಗಿಸಿಕೊಳ್ಳಿ. ರಕ್ತಸ್ರಾವ, ಕಣ್ಣು ಮಂಜಾಗಿ ಬರುವ ತೀವ್ರ ತಲೆನೋವು, ಮುಖ ಕೈಗಳ ಊತ, ಜ್ವರ, ಮಗುವಿನ ಅಲುಗಾಟ ಕಡಿಮೆಯಾಗುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲೆಂದು ಕಾಯಬಾರದು. 108ಕ್ಕೆ ಕರೆ ಮಾಡಿದರೆ ವಾಹನ ಬರುತ್ತದೆ.

ಸೀತೆ ಬಸುರಿನಲ್ಲಿ ಬಯಸಿದ್ದು ತಪೋವನವನ್ನು ನೋಡಬೇಕೆಂದು. ಆ ಬಯಕೆಯ ನೆಪದಲ್ಲಿಯೇ ಅವಳನ್ನು ಕಾಡಿಗೆ ಕಳುಹಿಸಿ ಬಿಟ್ಟುಬಂದ ಕಥೆಯನ್ನು ಲಕ್ಷ್ಮೀಶನ ಜೈಮಿನಿ ಭಾರತದಿಂದ ಪಾಠ ಹೇಳುವಾಗ ಪ್ರತಿ ವರ್ಷವೂ ತರಗತಿಯಲ್ಲಿ ಯಾರಾದರೊಬ್ಬ ಹುಡುಗಿ, “ಅವಳ ಜೊತೇಲಿ ಮನೆಯವರು ಯಾರೂ ಹೋಗಲಿಲ್ಲವಾ ಸಾರ್?” ಎಂದು ಕೇಳುತ್ತಾಳೆ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಾವು ಮನೆಯವರು. ಈ ಹೊತ್ತು ನಿಮ್ಮ ಮನೆಯಲ್ಲಿ ಬಸುರಿಯಿದ್ದರೆ, ಅವಳಿಗೆ ಉಪದೇಶ ಹೇಳುವ ಮುನ್ನ ಒಮ್ಮೆ ಎದ್ದು ಮನೆಯನ್ನು ನೋಡಿ ಬನ್ನಿ: ಆ ಮಾತ್ರೆಯ ಡಬ್ಬಿ, ಕಿಟಕಿಯ ಕಟ್ಟೆಯ ಮೇಲಿನ ಬೆಂಕಿಪೊಟ್ಟಣ, ಒಲೆಯ ಹೊಗೆ. ಅವಳು ಕಿಟಕಿ ಮುಚ್ಚುತ್ತಿದ್ದರೆ ಸೊಳ್ಳೆಗೆಂದು ತಿಳಿಯಬೇಡಿ.

ನಿಮ್ಮ ಮನೆಗಳಲ್ಲಿ ತಾಯಿ ಮಕ್ಕಳು ಸುಖವಾಗಿರಲಿ.